ಶುಕ್ರವಾರ ಬಂದ ಪೊಟ್ಟಣ

ಪಾರ್ಡಿ ಮನೆಯ ಗಂಡಸರು ಮುದುಕರಾಗುವುದಿಲ್ಲ ಎನ್ನುವುದು ಮೀನುಗಾರರ ಊರಾದ ಹೆರಿಂಗ್ ಟಿಕಲ್‌ನಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಆ ಮನೆಯ ಸೊಸೆ ವರ್ನಾಳ ಮಾವ ನಲವತ್ತೊಂದಕ್ಕೆ ದೋಣಿಯಲ್ಲಿ ಬಲೆ ಎಳೆಯುತ್ತ ಕೂತಲ್ಲೇ ಹೋದರು. ಮೈದುನರಲ್ಲಿ ಒಬ್ಬ ಇಪ್ಪತ್ತಾರಕ್ಕೆ, ಇನ್ನೊಬ್ಬ ಮೂವತ್ತೆರಡಕ್ಕೆ. ಗಂಡ ಗಾರ್ಲಂಡ್ ಮೂವತ್ತಾರಕ್ಕೆ. ಹಿಮದಲ್ಲಿ ಸೌದೆ ಎಳೆದು ತಂದವನು ಬೂಟು ಬಿಚ್ಚಲು ಬಗ್ಗಿದ, ಮತ್ತೆ ಏಳಲಿಲ್ಲ. ಆಗ ಮಗ ಸೆಲ್ಬಿಗೆ ಏಳು ವರ್ಷ. ಕಾಯಿಲೆಯಿಲ್ಲ, ಕಸಾಲೆಯಿಲ್ಲ, ಬಿದ್ದನೆಂದರೆ ಬಿದ್ದ. ಊರಿನವರು ಅದಕ್ಕೆ ‘ಪಾರ್ಡಿ ಎದೆ’ ಎಂದು ಹೆಸರಿಟ್ಟು ಸುಮ್ಮನಾಗಿದ್ದರು. ಈಚೆಗೆ ದ್ವೀಪದ ರಾಜಧಾನಿ ಸೇಂಟ್ ಜಾನ್ಸ್‌ನ ಡಾಕ್ಟರುಗಳು ಅದು ಹೆತ್ತವರ ರಕ್ತದಿಂದ ಮಕ್ಕಳಿಗೆ ಇಳಿಯುವ ಒಂದು ಜೀನಿನ ಕೆಲಸವೆಂದು ಪತ್ತೆ ಹಚ್ಚಿದ್ದರು. ಒಂದು ಸಿರಿಂಜು ರಕ್ತ ಕೊಟ್ಟರೆ ಇದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. ಇದ್ದರೆ ಎದೆಯ ಚರ್ಮದಡಿ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವಿಟ್ಟು ಹೊಲಿದು ಕಳಿಸುತ್ತಿದ್ದರು. ಗುಂಡಿಗೆ ತಾಳ ತಪ್ಪಿದ ಗಳಿಗೆಯಲ್ಲಿ ಅದು ಒಳಗಿನಿಂದ ಒಂದು ಏಟು ಕೊಟ್ಟು ದಾರಿಗೆ ತರುತ್ತಿತ್ತು.

ಸೆಲ್ಬಿಗೆ ಈಗ ಇಪ್ಪತ್ತೆಂಟು. ಅವನು ರಕ್ತ ಕೊಟ್ಟಿರಲಿಲ್ಲ.

ಏಪ್ರಿಲಿನ ಒಂದು ಭಾನುವಾರ, ಮೇಜಿನ ಮೇಲೆ ಉಪ್ಪುಮಾಂಸ, ಎಲೆಕೋಸು, ಟರ್ನಿಪ್ಪು ಹಬೆಯಾಡುತ್ತಿದ್ದಾಗ ಸೆಲ್ಬಿಯ ಹೆಂಡತಿ ರೋಡಾ ಒಂದು ಲಕೋಟೆಯನ್ನು ತಂದು ಅವನ ತಟ್ಟೆಯ ಪಕ್ಕ ಇಟ್ಟಳು. ಆಸ್ಪತ್ರೆಯದು.

“ಇದು ಮೂರನೇದು,” ಎಂದಳು.

“ಅಂದ್ರೆ ಅವರ ಹತ್ರ ಕಾಗದ ಜಾಸ್ತಿ ಇದೆ,” ಎಂದ ಸೆಲ್ಬಿ, ಮಾಂಸ ಕತ್ತರಿಸುತ್ತ.

“ತಮಾಷೆ ಸಾಕು.”

“ತಮಾಷೆ ಅಲ್ಲ ಮಾರಾಯ್ತಿ. ರಕ್ತ ಕೊಡ್ತೀನಿ. ಇದೆ ಅಂತಾರೆ. ಯಂತ್ರ ಹಾಕ್ತಾರೆ. ಮಾರನೇ ದಿನ ಲಾರಿ ಲೈಸೆನ್ಸ್ ಕಿತ್ಕೋತಾರೆ. ಆಮೇಲೆ ನ್ಯಾನ್ ಜೊತೆ ಕೂತ್ಕೊಂಡು ಕಾಲುಚೀಲ ಹೆಣೀಲಾ?”

ನ್ಯಾನ್ ಎಂದರೆ ಅವನ ಅಜ್ಜಿ ಮೆಲ್ವಿನಾ. ಎಂಬತ್ತೆರಡು ದಾಟಿದ್ದ ಅವರನ್ನು ಮನೆಯವರೆಲ್ಲ, ಸೊಸೆ ವರ್ನಾ ಕೂಡ, ಹಾಗೇ ಕರೆಯುತ್ತಿದ್ದರು. ಅವರು ಬಟಾಣಿ ಕಡುಬಿಗೆ ಬೆಣ್ಣೆ ಹಾಕಿಕೊಳ್ಳುತ್ತ, “ಹೆಣೆಯೋಕೆ ನಿಂಗೆ ಬರಲ್ಲ. ನಿಮ್ಮಜ್ಜಂಗೂ ಬರ್ತಿರ್ಲಿಲ್ಲ,” ಎಂದರು.

ರೋಡಾ ನಗಲಿಲ್ಲ. ಅವಳು ದೂರದ ಬೇರೊಂದು ಕೊಲ್ಲಿಯ ಹುಡುಗಿ. ಪಕ್ಕದ ಊರಿನ ವೃದ್ಧರ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಮದುವೆಯಾಗಿ ಮೂರು ವರ್ಷವಾಗಿತ್ತು. ಅವನು ರಕ್ತ ಕೊಡುವುದಿಲ್ಲವಾದರೆ ಈ ಮನೆಯಲ್ಲಿ ಯಾರೂ ಮಗುವಿನ ಮಾತು ಎತ್ತಬಾರದು, ರಕ್ತದಲ್ಲಿ ಏನಿದೆ ಎಂದು ಗೊತ್ತಾಗುವವರೆಗೆ ತಾನು ಹೆರುವುದಿಲ್ಲ ಎಂದಳು. ಮಾತು ಸೆಲ್ಬಿಗೆ, ಕಣ್ಣು ವರ್ನಾಳ ಕಡೆಗೆ. ಆ ಚಳಿಗಾಲವಿಡೀ ವರ್ನಾ ನೆರೆಹೊರೆಯ ಮೊಮ್ಮಕ್ಕಳ ಲೆಕ್ಕ ಹೇಳಿ ಹೇಳಿ ಸೊಸೆಯ ಕಿವಿ ತೂತು ಮಾಡಿದ್ದಳು.

“ಗೊತ್ತು ಮಾಡ್ಕೊಂಡು ಏನು ಮಾಡ್ತೀರಿ?” ಎಂದಳು ವರ್ನಾ. “ಗಾರ್ಲಂಡ್‌ಗೆ ಮೊದಲೇ ಗೊತ್ತಿದ್ದಿದ್ರೆ ಇವನು ಹುಟ್ತಾನೇ ಇರ್ಲಿಲ್ಲ.”

“ನಾನೂ ಅದನ್ನೇ ಹೇಳ್ತಿರೋದು,” ಎಂದಳು ರೋಡಾ.

ಮೆಲ್ವಿನಾ ಒಬ್ಬರೇ ಊಟ ಮುಂದುವರಿಸಿದರು. ಊಟವಾದ ಮೇಲೆ ಲಕೋಟೆ ತೆರೆಯದೇ ಬ್ರೆಡ್ ಡಬ್ಬಿಯ ಹಿಂದೆ, ಹಿಂದಿನ ಎರಡರ ಜೊತೆ ಸೇರಿತು.

ಮೇ ತಿಂಗಳಲ್ಲಿ ಏಡಿಯ ಕಾಲ ಬಂತು. ಸೆಲ್ಬಿ ಲಾರಿ ತುಂಬ ಏಡಿ ಹೇರಿಕೊಂಡು ದ್ವೀಪದ ಆ ತುದಿಯ ಬಂದರಿಗೆ ಹೋದರೆ ಮೂರು ದಿನ, ನಾಲ್ಕು ದಿನ ಬರುತ್ತಿರಲಿಲ್ಲ. ಬಂದಾಗ ಮನೆ ತುಂಬ ಉಪ್ಪಿನ ವಾಸನೆ, ನಗು, ನೆಲದ ಮೇಲೆ ಒದ್ದೆ ಬೂಟು. ಒಂದು ಗುರುವಾರ ಹಾಗೇ ಬಂದವನು ಹೆಂಡತಿಯನ್ನು ಊರಿನ ಹಾಲ್‌ನಲ್ಲಿದ್ದ ಕುಣಿತಕ್ಕೆ ಕರೆದುಕೊಂಡು ಹೋದ. ಶುಕ್ರವಾರ ಬೆಳಕು ಹರಿಯುವ ಮುಂಚೆಯೇ ಮತ್ತೆ ಲಾರಿ ಹತ್ತಿದ. ಇನ್ನು ಮಂಗಳವಾರವೇ ಅವನ ಮುಖ.

ಆ ಬೆಳಿಗ್ಗೆ ವರ್ನಾ ಅಂಗಡಿಗೆ ಹೊರಟು ಬೂಟಿನ ದಾರ ಕಟ್ಟುತ್ತಿದ್ದಾಗ ರೋಡಾ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು ಸಣ್ಣ ದನಿಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಳು. ವರ್ನಾಳ ಕಿವಿಗೆ ಬಿದ್ದದ್ದು ಎರಡೇ ತುಂಡು: “ಹರಿದುಹೋಯ್ತು,” ಆಮೇಲೆ “ಎಪ್ಪತ್ತೆರಡು ಗಂಟೆ.” ಏನು ಹರಿಯಿತೋ ಎಂದುಕೊಂಡು ಅವಳು ಬಾಗಿಲು ಹಾಕಿಕೊಂಡು ಹೋದಳು.

ವರ್ನಾ ಕೆಲಸ ಮಾಡುತ್ತಿದ್ದದ್ದು ಊರಿನ ಒಂದೇ ಅಂಗಡಿಯಲ್ಲಿ. ಹಾಲು, ಮೊಳೆ, ಗಾಳದ ದಾರ, ಒಂದು ಮೂಲೆಯಲ್ಲಿ ಅಂಚೆಯ ಕೌಂಟರು. ಔಷಧಿ ಅಂಗಡಿ ಇದ್ದದ್ದು ನೂರು ಕಿಲೋಮೀಟರ್ ದೂರದ ಪಟ್ಟಣದಲ್ಲಿ. ಅಲ್ಲಿಂದ ಊರಿನವರ ಔಷಧಿಗಳನ್ನೆಲ್ಲ ಟ್ಯಾಕ್ಸಿಯ ಆಂಬ್ರೋಸ್ ವಾರದ ದಿನಗಳಲ್ಲಿ ತಂದು ಅವಳ ಕೌಂಟರಿನ ಮೇಲೆ ಇಟ್ಟುಹೋಗುತ್ತಿದ್ದ. ಆ ಶುಕ್ರವಾರವೂ ಮೂರು ಗಂಟೆಗೆ ಬಂದ. ಆರು ಕಾಗದದ ಪೊಟ್ಟಣಗಳನ್ನಿಟ್ಟು, ಮಗಳ ಊರಿಗೆ ಹೊರಟಿದ್ದೇನೆ, ಇನ್ನು ಸೋಮವಾರ ಬರುತ್ತೇನೆ ಎಂದು ಹೇಳಿ ಹೋದ. ಅದರಲ್ಲೊಂದು ಮೆಲ್ವಿನಾರ ಬಿಪಿ ಮಾತ್ರೆ. ಒಂದರ ಮೇಲೆ ರೋಡಾಳ ಹೆಸರು.

ತೀರ ಹಗುರಾಗಿತ್ತು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ವರ್ನಾ ಉಗುರಿನಿಂದ ಪಿನ್ನು ಎಬ್ಬಿಸಿದಳು. ಒಳಗೆ ಒಂದು ಚಿಕ್ಕ ಡಬ್ಬಿ, ಅದರಲ್ಲಿ ಒಂದೇ ಒಂದು ಮಾತ್ರೆ, ಎಂಟು ಮಡಿಕೆ ಮಡಚಿದ ಒಂದು ಹಾಳೆ. ಕಿಟಕಿಯ ಬಳಿ ನಿಂತು ಆ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಎಲ್ಲವನ್ನೂ ಓದಿದಳು; ಬೆಳಿಗ್ಗೆ ಹರಿದದ್ದು ಕಾಂಡೋಮ್ ಎಂಬುದೂ, ಎಪ್ಪತ್ತೆರಡು ಗಂಟೆ ಯಾತಕ್ಕೆಂಬುದೂ ತಿಳಿಯಿತು. ಆಮೇಲೆ ಓದಿದ್ದನ್ನೆಲ್ಲ ಹಾಳೆಯೊಳಕ್ಕೇ ಮಡಚಿಟ್ಟು ತನಗೆ ತಾನು ಬೇರೆಯದೇ ಮಾತು ಹೇಳಿಕೊಂಡಳು: ಇದು ಮಗುವನ್ನು ಕೊಲ್ಲುವ ಮಾತ್ರೆ, ನನ್ನ ಕೈಯಾರೆ ಕೊಡಲಾರೆ. ಪೊಟ್ಟಣಕ್ಕೆ ಹೊಸ ಪಿನ್ನು ಹೊಡೆದು ಕೌಂಟರಿನ ಕೆಳಗೆ ಹಳೆಯ ರಸೀತಿ ಪುಸ್ತಕಗಳ ಹಿಂದೆ ತಳ್ಳಿದಳು.

ಆರು ಗಂಟೆಗೆ ರೋಡಾ ಕೆಲಸದಿಂದ ನೇರ ಅಂಗಡಿಗೇ ಬಂದಳು. ನನ್ನ ಹೆಸರಿಗೆ ಏನಾದರೂ ಬಂದಿದೆಯೇ ಎಂದು ಕೇಳಿದಳು.

“ನ್ಯಾನ್‌ದು ಬಂದಿದೆ. ನಿಂದೇನೂ ಇಲ್ಲ,” ಎಂದಳು ವರ್ನಾ.

ಶನಿವಾರ ಬೆಳಿಗ್ಗೆ ರೋಡಾ ಮತ್ತೆ ಬಂದಳು. ಔಷಧಿ ಅಂಗಡಿಗೆ ಫೋನ್ ಮಾಡಿದ್ದಳಂತೆ. ನಿನ್ನೆಯೇ ಕಳಿಸಿದ್ದೇವೆ ಎಂದರಂತೆ. ಬೇರೆ ಊರಿನ ಚೀಲದಲ್ಲಿ ಸೇರಿರಬೇಕು, ಸೋಮವಾರ ಆಂಬ್ರೋಸ್ ಬರಲಿ, ಕೇಳೋಣ ಎಂದಳು ವರ್ನಾ. ಆಂಬ್ರೋಸ್‌ಗೆ ಫೋನ್ ಮಾಡುವುದು ರೋಡಾಳಿಗೆ ಬೇಡವಾಗಿತ್ತು. ಅವನಿಗೆ ಹೇಳುವುದೂ ಒಂದೇ, ಚರ್ಚಿನ ಗಂಟೆ ಬಾರಿಸುವುದೂ ಒಂದೇ. ಅವಳು ಕೌಂಟರಿನ ಮೇಲೆ ಬಗ್ಗಿ ಕೇಳಿದಳು:

“ನಿಮ್ಮ ಕಾರು ಕೊಡ್ತೀರಾ ವರ್ನಾ? ಪಟ್ಟಣಕ್ಕೆ ಹೋಗಿ ಬಂದ್ಬಿಡ್ತೀನಿ.”

“ಬ್ರೇಕ್ ಸರಿಯಿಲ್ಲ. ಅಷ್ಟು ದೂರ ಬೇಡ. ಯಾಕೆ, ಅರ್ಜೆಂಟಾ?”

ರೋಡಾ ಅವಳ ಮುಖ ನೋಡಿದಳು. “ಇಲ್ಲ,” ಎಂದಳು.

ಮಾರನೆಯ ದಿನ ವರ್ನಾ ಅದೇ ಕಾರಿನಲ್ಲಿ ಮೆಲ್ವಿನಾರನ್ನು ಕೂರಿಸಿಕೊಂಡು ಚರ್ಚಿಗೆ ಹೋಗಿಬಂದಳು. ಸೋಮವಾರ ಮೂರೂವರೆಗೆ ಪೊಟ್ಟಣವನ್ನು ಹೊರಗೆ ತೆಗೆದಳು. ಆರಕ್ಕೆ ಸೊಸೆ ಬಂದಾಗ, ಈಗ ಬಂತು ನೋಡು ಎಂದು ಕೊಟ್ಟಳು. ರೋಡಾ ಬೆರಳು ಮಡಚಿ ಗಂಟೆ ಎಣಿಸಿದಳು. ಅಂಗಡಿಯ ಹಿಂದಿನ ಬಚ್ಚಲಿಗೆ ಹೋದಳು. ನಲ್ಲಿ ತಿರುಗಿದ ಸದ್ದು, ನೀರಿನ ಸದ್ದು ವರ್ನಾಳಿಗೆ ಕೇಳಿಸಿತು. ಹಾಲಿನ ಡಬ್ಬಗಳ ಲೇಬಲ್ಲುಗಳನ್ನೆಲ್ಲ ಒಂದೇ ಕಡೆಗೆ ತಿರುಗಿಸುತ್ತ ನಿಂತಳು.

ಜೂನ್ ಕೊನೆಯ ಹೊತ್ತಿಗೆ ರೋಡಾಳಿಗೆ ಮೀನು ಹುರಿಯುವ ವಾಸನೆ ಆಗಿಬರದಾಯಿತು. ವೃದ್ಧರ ಮನೆಯ ಅಡುಗೆಯವಳಿಗೆ ವಾರದಲ್ಲಿ ನಾಲ್ಕು ದಿನ ಮೀನು. ಬಕೆಟ್ಟು ಪಕ್ಕದಲ್ಲಿಟ್ಟುಕೊಂಡೇ ಹುರಿದಳು. ಮನೆಯಲ್ಲಿ ವರ್ನಾ ಸೊಸೆಯ ಮುಂದೆ ಒಣ ಬಿಸ್ಕತ್ತು, ಸಕ್ಕರೆಯಿಲ್ಲದ ಚಹಾ ಇಡತೊಡಗಿದಳು. ರೋಡಾ ಬಿಸ್ಕತ್ತು ನೋಡಿದಳು, ಅತ್ತೆಯನ್ನು ನೋಡಿದಳು.

“ಹೌದು,” ಎಂದಳು. “ಸಂತೋಷವಾಯ್ತಾ?”

ವರ್ನಾಳಿಗೆ ಸಂತೋಷವಾಗಿತ್ತು. ಸುಳ್ಳೇಕೆ, ಹಾಲು ಕುಡಿದಷ್ಟು ಸಂತೋಷವಾಗಿತ್ತು. ಆದರೂ ಬಾಯಿಗೆ ಬಂದ ಮಾತು ಕೇಳಿಯೇಬಿಟ್ಟಳು: ಇಟ್ಟುಕೊಳ್ಳುತ್ತೀಯಾ?

“ಶುರು ಆಗೋದು ಬೇಡ ಅಂತಿದ್ದೆ. ಶುರುವಾಗಿದೆ. ಅದೂ ಇದೂ ಒಂದೇ ಅಲ್ಲ,” ಎಂದಳು ರೋಡಾ. “ಇಟ್ಕೋತೀನಿ. ಆದ್ರೆ ನಿಮ್ಮ ಮಗ ರಕ್ತ ಕೊಡ್ಬೇಕು. ಕೊಡದಿದ್ರೆ ನಾನು ಇವತ್ತೇ ನನ್ನಮ್ಮನ ಮನೆಗೆ.”

ಸೆಲ್ಬಿ ಈ ಸಲ ತಮಾಷೆ ಮಾಡಲಿಲ್ಲ. ಜುಲೈಯಲ್ಲಿ ಸೇಂಟ್ ಜಾನ್ಸ್‌ಗೆ ಹೋಗಿ ತೋಳು ಚಾಚಿದ. ಆಗಸ್ಟಿನಲ್ಲಿ ಉತ್ತರ ಬಂತು. ಇದೆ. ಹೊಟ್ಟೆಯಲ್ಲಿರುವ ಮಗುವಿಗೆ ಬರುವ ಸಂಭವ ಅರ್ಧಕ್ಕರ್ಧ. ಎರಡೇ ವಾರದಲ್ಲಿ ಅವನ ಎಡಗಡೆಯ ಎದೆಯಲ್ಲಿ ಯಂತ್ರ ಕೂತಿತು. ಅವನು ಹೇಳಿದ್ದಂತೆಯೇ ಲಾರಿಯ ಲೈಸೆನ್ಸೂ ಹೋಯಿತು.

ಆಮೇಲೆ ಮನೆ ಮನೆಯಾಗಿರಲಿಲ್ಲ. ಸೆಲ್ಬಿ ಹೊತ್ತು ಏರುವವರೆಗೆ ಮಲಗುವನು; ಎದ್ದರೆ ಕಿಟಕಿಯ ಪಕ್ಕ ಕೂತು ತನ್ನ ಲಾರಿಯನ್ನು ಬೇರೆಯವನು ಓಡಿಸಿಕೊಂಡು ಹೋಗುವುದನ್ನು ನೋಡುವನು. ಚಹಾ ಆರಿದೆ ಎಂದು ಜಗಳ, ಬಾಗಿಲು ಸದ್ದು ಮಾಡಿತು ಎಂದು ಜಗಳ. ರೋಡಾ ಹೊಟ್ಟೆ ಹೊತ್ತುಕೊಂಡು ಎರಡು ಪಾಳಿ ದುಡಿದು ಬಂದರೆ ಸಿಂಕಿನಲ್ಲಿ ಬೆಳಗಿನ ತಟ್ಟೆಗಳು ಹಾಗೇ ಬಿದ್ದಿರುತ್ತಿದ್ದವು.

“ಎದೆಗೆ ತಾನೇ ಯಂತ್ರ ಹಾಕಿರೋದು? ಕೈಗೇನಾಗಿದೆ?” ಎಂದಳು ಒಂದು ದಿನ.

“ನಾನು ಈ ಯಂತ್ರ ಕೇಳಿದ್ನಾ? ನಿಂಗೋಸ್ಕರ ಹಾಕಿಸ್ಕೊಂಡೆ.”

“ನಂಗೋಸ್ಕರ ಉಸಿರಾಡ್ತಿದೀಯಾ ಹಾಗಾದ್ರೆ? ಥ್ಯಾಂಕ್ಸ್.”

ಮೆಲ್ವಿನಾ ಎದ್ದುಹೋಗಿ ತಾವೇ ತಟ್ಟೆ ತೊಳೆಯಲು ನಿಂತರು. ಅದನ್ನು ನೋಡಲಾರದೆ ಸೆಲ್ಬಿ ಅಜ್ಜಿಯ ಕೈಯಿಂದ ಬ್ರಷ್ಷು ಕಿತ್ತುಕೊಂಡ. ಅಂದಿನಿಂದ ತಟ್ಟೆ ತೊಳೆಯುವುದು, ಆಲೂಗಡ್ಡೆ ಸುಲಿಯುವುದು ಅವನ ಪಾಲಿಗೆ ಬಂತು.

ಸೆಪ್ಟೆಂಬರಿನ ಕೊನೆಯಲ್ಲಿ ಅವನು ಹಿತ್ತಲಿನಿಂದ ಸೌದೆ ಹೊತ್ತು ತರುತ್ತಿದ್ದಾಗ ಕಾಲು ಮಡಚಿ ಬಿದ್ದ. ಅಡುಗೆಮನೆಯ ಕಿಟಕಿಯಿಂದ ವರ್ನಾ ನೋಡಿದಳು. ಇಪ್ಪತ್ತೊಂದು ವರ್ಷದ ಹಿಂದೆ ಬಿದ್ದವನೇ ಮತ್ತೆ ಬಿದ್ದಂತೆ ಕಂಡಿತು. ರೋಡಾ ಓಡಿದಳು. ಅವಳು ತಲುಪುವಷ್ಟರಲ್ಲಿ ಸೆಲ್ಬಿಯ ಮೈ ಒಮ್ಮೆ, ಕುದುರೆ ಒದ್ದ ಹಾಗೆ, ನೆಲದಿಂದ ಎಗರಿತು. ಕಣ್ಣು ಬಿಟ್ಟ. “ಯಾರು ಹೊಡೆದಿದ್ದು?” ಎಂದು ಕೇಳಿದ. ರೋಡಾ ಸೌದೆಯ ನಡುವೆ ಕೂತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಜೋರಾಗಿ ಅತ್ತಳು. ಯಂತ್ರ ಮೊದಲ ಸಲ ತನ್ನ ಕೆಲಸ ಮಾಡಿತ್ತು. ಅದಾದ ಮೇಲೆ ಅವನು ಯಂತ್ರವನ್ನು ಬೈಯಲಿಲ್ಲ. ಮನೆಯಲ್ಲಿ ಮಾತು ಕಡಿಮೆಯಾಯಿತು. ಜಗಳವೂ.

ಅಕ್ಟೋಬರಿನಲ್ಲಿ ಆರೋಗ್ಯ ಇಲಾಖೆಯ ನರ್ಸ್ ಒಬ್ಬರು ಊರಿನ ಹಾಲ್‌ನಲ್ಲಿ ಒಂದು ಮಧ್ಯಾಹ್ನದ ಸಭೆ ಇಟ್ಟರು. ಹೆಸರು ಡಾಫ್ನಿ ಕೀಪಿಂಗ್. ನಲವತ್ತರ ಆಸುಪಾಸು, ದೊಡ್ಡ ದನಿ, ಹತ್ತಿರದ ಕೊಲ್ಲಿಯವರೇ. ‘ಪಾರ್ಡಿ ಎದೆ’ಯ ನೆಂಟಸ್ತಿಕೆ ಇರುವ ಮನೆಗಳೆಲ್ಲ ಬರಬೇಕೆಂದು ಹೇಳಿಕಳಿಸಿದ್ದರು. ಊರಿನಲ್ಲಿ ಆ ನೆಂಟಸ್ತಿಕೆ ಇಲ್ಲದ ಮನೆ ಎಲ್ಲಿತ್ತು? ಹಾಲ್ ತುಂಬಿತು. ವರ್ನಾ ಹಾಗೂ ಇನ್ನಿಬ್ಬರು ಹೆಂಗಸರು ಬಟಾಣಿ ಸೂಪು ಮಾಡಿ ಹಿಂದಿನ ಮೇಜಿನ ಬಳಿ ಬಡಿಸಲು ನಿಂತಿದ್ದರು. ಸೆಲ್ಬಿ ಬರಲಿಲ್ಲ, ಮೆಲ್ವಿನಾ ಮುಂದಿನ ಸಾಲಿನಲ್ಲಿ ಕೋಲು ಹಿಡಿದು ಕೂತರು, ಪಕ್ಕದಲ್ಲಿ ರೋಡಾ.

ನರ್ಸ್ ಮೊದಲು ಗುಂಡಿಗೆಯ ವಿಷಯ ಹೇಳಿದರು. ಹೆತ್ತವರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ನಾಣ್ಯ ಚಿಮ್ಮಿದ ಹಾಗೆ. ಮೊದಲನೆಯದಕ್ಕೆ ಬಂತೆಂದು ಎರಡನೆಯದಕ್ಕೆ ವಿನಾಯಿತಿಯಿಲ್ಲ. ಹೆಂಗಸರಿಗೂ ಬರುತ್ತದೆ, ಆದರೆ ಗಂಡಸರನ್ನು ಬೇಗ ಹೊಡೆಯುತ್ತದೆ. ತಲೆ ಸುತ್ತಿ ಬೀಳುವುದು, ಎದೆ ದಡದಡ ಎನ್ನುವುದು, ಇವನ್ನು ಆಯಾಸವೆಂದು ತಳ್ಳಿಹಾಕಬೇಡಿ ಎಂದರು. ಆಮೇಲೆ, ಮಕ್ಕಳು ಬೇಕೋ ಬೇಡವೋ, ಯಾವಾಗ ಎನ್ನುವುದು ನಿಮ್ಮಿಷ್ಟ, ಆದರೆ ಯೋಚಿಸಲು ಸಮಯ ಬೇಕಲ್ಲ ಎಂದು ಒಂದು ಡಬ್ಬಿ ಎತ್ತಿ ತೋರಿಸಿದರು. ವರ್ನಾಳಿಗೆ ಆ ಡಬ್ಬಿಯ ಬಣ್ಣ ದೂರದಿಂದಲೇ ಗುರುತು ಸಿಕ್ಕಿತು.

“ಇದ್ರ ಬಗ್ಗೆ ಏನೇನೋ ಮಾತಿದೆ,” ಎಂದರು ನರ್ಸ್. “ಇದು ಬಸಿರು ತೆಗೆಯೋ ಮಾತ್ರೆ ಅಲ್ಲ. ಅಂಡಾಣು ಹೊರಗೆ ಬರೋದನ್ನ ಕೆಲವು ದಿನ ತಡೆಯುತ್ತೆ, ಅಷ್ಟೇ. ಬಸಿರು ನಿಂತಿದ್ರೆ ಇದು ಏನೂ ಮಾಡಲ್ಲ, ಮಗುಗೂ ತೊಂದ್ರೆ ಇಲ್ಲ. ಅದಕ್ಕೇ ಗಂಟೆ ಲೆಕ್ಕ. ಮೊದಲನೇ ದಿನ ನುಂಗಿದ್ರೆ ಫಲ ಜಾಸ್ತಿ, ಮೂರನೇ ದಿನ ನುಂಗಿದ್ರೆ ಕಡಿಮೆ. ಅದು ದಾಟಿದ್ರೆ ನಂಬೋ ಹಾಗಿಲ್ಲ. ಐದು ದಿನದೊಳಗೆ ಆಸ್ಪತ್ರೆಗೆ ಬಂದು ಕಾಪರ್-ಟಿ ಹಾಕಿಸಿಕೊಂಡ್ರೆ ಅದು ಇನ್ನೂ ಗಟ್ಟಿ.”

ಹಿಂದಿನಿಂದ ಯಾರೋ, ಗಂಡಸರಿಗೇ ಒಂದು ಬಿರಡೆ ಹಾಕಿದರೆ ಇನ್ನೂ ಗಟ್ಟಿಯಲ್ಲವೇ ಎಂದರು. ಹೆಂಗಸರು ನಕ್ಕರು. ನಗು ಇಳಿಯುವ ಹೊತ್ತಿಗೆ ಮೆಲ್ವಿನಾ ಕೋಲೂರಿ ಎದ್ದು ನಿಂತಿದ್ದರು.

“ನಂಗೆ ಆರು ಮಕ್ಳು,” ಎಂದರು. “ಮೂವರನ್ನ ಮಣ್ಣು ಮಾಡಿದೀನಿ. ನನ್ನ ಕಾಲದಲ್ಲಿ ಇದಿದ್ದಿದ್ರೆ ಎರಡು ಕೈಯಲ್ಲಿ ಇಸ್ಕೊಂಡು ನುಂಗ್ತಿದ್ದೆ.”

“ಹಾಗಂದ್ರೆ ಗಾರ್ಲಂಡ್ ಹುಟ್ತಾನೇ ಇರ್ಲಿಲ್ಲ ಅಲ್ವಾ ಅಜ್ಜಿ?” ಎಂದಳು ಸಾಲಿನಲ್ಲಿದ್ದ ಒಬ್ಬಳು, ನೋಯಿಸಬೇಕೆಂದಲ್ಲ.

“ಹುಟ್ಟದೋನ್ನ ಯಾರೂ ಹೂಳಲ್ಲ,” ಎಂದು ಮೆಲ್ವಿನಾ ಕೂತರು.

ವರ್ನಾ ಸೌಟು ಹಿಡಿದು ನಿಂತಿದ್ದಳು. ಇಷ್ಟು ದಿನ ಅವಳು, ಯಾರು ಒಪ್ಪದಿದ್ದರೂ ಮುದುಕಿಯಾದರೂ ತನ್ನ ಕಡೆಗಿದ್ದಾರೆ ಎಂದುಕೊಂಡಿದ್ದಳು. ಮೊಮ್ಮಗನ ಮಗು ನೋಡುವ ಆಸೆ ಯಾರಿಗಿಲ್ಲ ಎಂದುಕೊಂಡಿದ್ದಳು.

ನರ್ಸ್ ಮಾತು ಮುಂದುವರಿಸಿ, ಈ ಕಡೆಯ ಊರುಗಳಲ್ಲಿ ಇದೇ ಕಷ್ಟ, ಪಟ್ಟಣದಿಂದ ಔಷಧಿ ಕೈ ಸೇರುವಷ್ಟರಲ್ಲಿ ಮೂರು ನಾಲ್ಕು ದಿನ ಕಳೆದುಹೋಗುತ್ತದೆ, ಅದಕ್ಕೇ ನಾಲ್ಕು ಡಬ್ಬಿ ಇಲ್ಲೇ ಎಲ್ಲಾದರೂ ಇಡಿಸಬೇಕೆಂದಿದ್ದೇನೆ ಎಂದರು. ಸೂಪಿನ ಬಟ್ಟಲು ಹಿಡಿದು ವರ್ನಾಳ ಮೇಜಿನ ಪಕ್ಕದಲ್ಲೇ ನಿಂತಿದ್ದ ಟ್ಯಾಕ್ಸಿಯ ಆಂಬ್ರೋಸ್‌ಗೆ ಅದು ಚುಚ್ಚಿತು.

“ಮೂರು ನಾಲ್ಕು ದಿನ ಎಲ್ಲಿಂದ ಬಂತು ತಾಯಿ?” ಎಂದ. “ಪಟ್ಟಣದೋರು ಕೊಟ್ಟಿದ್ದು ಅವತ್ತೇ ಮೂರು ಗಂಟೆಗೆ ವರ್ನಾ ಕೈಲಿರುತ್ತೆ. ಹನ್ನೊಂದು ವರ್ಷದಲ್ಲಿ ಒಂದು ಪೊಟ್ಟಣ ಬೇರೆ ಊರಿಗೆ ಹೋಗಿಲ್ಲ. ಬೇಕಾದ್ರೆ ಅವಳನ್ನೇ ಕೇಳಿ.”

ಯಾರೂ ಕೇಳಲಿಲ್ಲ. ಮುಂದಿನ ಸಾಲಿನಲ್ಲಿ ರೋಡಾ ಮಾತ್ರ ಕುರ್ಚಿಯಲ್ಲೇ ನಿಧಾನವಾಗಿ ಹಿಂದಕ್ಕೆ ತಿರುಗಿ ನೋಡಿದಳು. ವರ್ನಾ ಬಟ್ಟಲಿಗೆ ಸೂಪು ಹಾಕಿದಳು. ಬಟ್ಟಲು ತುಂಬಿ ಮೇಜಿನ ಮೇಲೆ ಹರಿಯಿತು.

ಮನೆಗೆ ಬಂದಾಗ ಸೆಲ್ಬಿ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ. ಮೆಲ್ವಿನಾ ಕೋಟು ಬಿಚ್ಚಿ ತಮ್ಮ ಕುರ್ಚಿಯಲ್ಲಿ ಕೂತರು. ರೋಡಾ ಕೋಟು ಬಿಚ್ಚಲಿಲ್ಲ. ವರ್ನಾ ಸೂಪಿನ ಪಾತ್ರೆಯನ್ನು ಒಲೆಯ ಮೇಲಿಡುವವರೆಗೆ ಕಾದಳು.

“ಶುಕ್ರವಾರಾನೇ ಬಂದಿತ್ತಾ?”

“ಬಂದಿತ್ತು.”

ಏನು ಬಂದಿತ್ತು ಎಂದ ಸೆಲ್ಬಿ. ರೋಡಾ ಅವನ ಕಡೆ ತಿರುಗದೆ ಹೇಳಿದಳು, ಮೇ ತಿಂಗಳಲ್ಲಿ ಲೇಟಾಗಿ ಬಂತೆಂದು ಹೇಳಿದ್ದ ಆ ಮಾತ್ರೆ ಲೇಟಾಗಿ ಬಂದಿರಲಿಲ್ಲ, ಮೂರು ದಿನ ನಿಮ್ಮಮ್ಮನ ಅಂಗಡಿಯಲ್ಲಿ ಕೂತಿತ್ತು ಎಂದು. “ಶನಿವಾರ ಬ್ರೇಕ್ ಸರಿಯಿರ್ಲಿಲ್ಲ. ಭಾನುವಾರ ಸರಿಹೋಗಿತ್ತು. ಕಿಟಕೀಲಿ ನೋಡ್ತಾ ನಿಂತಿದ್ದೆ. ಆದ್ರೂ ನಂಗೆ ಹೊಳೀಲಿಲ್ಲ ನೋಡಿ, ಎಂಥ ದಡ್ಡಿ.”

“ಅದು ಮಗು ಕೊಲ್ಲೋ ಮಾತ್ರೆ ಅನ್ಕೊಂಡಿದ್ದೆ,” ಎಂದಳು ವರ್ನಾ. “ಇವತ್ತೇ ಗೊತ್ತಾಗಿದ್ದು, ನರ್ಸ್ ಹೇಳಿದ ಮೇಲೆ.”

“ಒಳಗಿನ ಹಾಳೆ ಓದಿದ್ರಾ?”

ವರ್ನಾ ಒಲೆ ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

“ಓದ್ದೆ.”

“ಅದ್ರಲ್ಲಿ ಬರೆದಿತ್ತು.”

“ಬರೆದಿತ್ತು,” ಎಂದಳು ವರ್ನಾ. ಆಮೇಲೆ ಬಟ್ಟೆಯನ್ನು ಸಿಂಕಿಗೆ ಎಸೆದು ತಿರುಗಿ ನಿಂತಳು. “ಆದ್ರೆ ಒಂದು ಹೇಳ್ತೀನಿ ಕೇಳು. ನೀನು ಬಸುರಿ ಆಗ್ದೆ ಇದ್ದಿದ್ರೆ ಇವನು ರಕ್ತ ಕೊಡ್ತಿರ್ಲಿಲ್ಲ. ಸೌದೆ ಹೊತ್ತು ಬಿದ್ದ ದಿನ ಅಲ್ಲೇ ಹೋಗಿರ್ತಿದ್ದ. ನಾನು ಬಚ್ಚಿಟ್ಟಿದ್ದಕ್ಕೇ ಇವನು ಇವತ್ತು ಇಲ್ಲಿ ಕೂತಿರೋದು.”

ಅದು ನಿಜವಾಗಿತ್ತು. ಅಡುಗೆಮನೆಯಲ್ಲಿದ್ದ ಯಾರೂ ಅಲ್ಲವೆನ್ನಲಾರದಷ್ಟು ನಿಜವಾಗಿತ್ತು.

“ಹೌದು,” ಎಂದಳು ರೋಡಾ. “ಆದ್ರೆ ನೀವು ಅದಕ್ಕೋಸ್ಕರ ಬಚ್ಚಿಡ್ಲಿಲ್ಲ. ಟೆಸ್ಟೇ ಬೇಡ ಅಂದೋರು ನೀವು. ಯಾಕೆ ಬಚ್ಚಿಟ್ರಿ?”

ವರ್ನಾ ಮಗನ ಕಡೆ ನೋಡಲಿಲ್ಲ. “ಇವನು ಹೋದ್ಮೇಲೆ ಒಂದು ಇರ್ಲಿ ಅಂತ.”

ಸೆಲ್ಬಿ ಚಾಕು ಕೆಳಗಿಟ್ಟ.

“ನಂಗೆ ಇದೆ ಅಂತ ನಿಂಗೆ ಗೊತ್ತಿತ್ತಾ?”

“ಅದೇ ಕೈ, ಅದೇ ನಡಿಗೆ. ಎದೆ ಒಂದು ಬೇರೆ ಇರುತ್ತಾ?”

“ಗೊತ್ತಿದ್ದೂ ಟೆಸ್ಟ್ ಬೇಡ ಅಂದೆ.”

“ನೀನೂ ಬೇಡ ಅಂದ್ಯಲ್ಲೋ.”

“ನಾನು ಅಂದಿದ್ದು ಲಾರಿಗೋಸ್ಕರ,” ಎಂದ ಸೆಲ್ಬಿ. ದನಿ ಏರಲಿಲ್ಲ, ಏರಿದ್ದರೆ ವರ್ನಾಳಿಗೆ ಸುಲಭವಾಗುತ್ತಿತ್ತು. “ನೀನು ನನ್ನ ಆಗ್ಲೇ ಮಣ್ಣು ಮಾಡಿ ಮುಗಿಸಿದ್ದೆ, ಅಮ್ಮ. ಬದಲಿಗೆ ಒಂದನ್ನ ಬೆಳೆಸ್ತಿದ್ದೆ.”

ವರ್ನಾ ಮೆಲ್ವಿನಾರ ಕಡೆ ತಿರುಗಿದಳು. ನೀವಾದರೂ ಹೇಳಿ ನ್ಯಾನ್, ನಿಮ್ಮ ಮನೆಗೆ ಬಂದು ಇಷ್ಟು ವರ್ಷ ನಾನು ಯಾರಿಗೆ ಕೆಟ್ಟದ್ದು ಬಯಸಿದ್ದೇನೆ ಎಂದಳು. ಮೆಲ್ವಿನಾ ಸೆಲ್ಬಿಯ ಮುಂದಿನ ರಾಶಿ ತೋರಿಸಿ, ಆಲೂಗಡ್ಡೆ ನೀರಿಗೆ ಹಾಕಿ, ಕಪ್ಪಾಗುತ್ತದೆ ಎಂದರು.

ಆ ವಾರವೇ ಅವರಿಬ್ಬರೂ ರೋಡಾಳ ತಾಯಿಯ ಊರಿಗೆ ಹೊರಟರು. ಸಾಮಾನು ಹೆಚ್ಚಿರಲಿಲ್ಲ. ಆಂಬ್ರೋಸ್ ತನ್ನ ವ್ಯಾನಿನಲ್ಲೇ ಒಯ್ದ, ತಾನೇನು ಹೇಳಿ ಏನಾಯಿತು ಎಂದು ಅಷ್ಟರಲ್ಲಿ ಅವನಿಗೂ ತಿಳಿದಿತ್ತು, ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನು ಮಾತಿಲ್ಲದೆ ಗಾಡಿ ಬಿಟ್ಟ. ಸೆಲ್ಬಿ ಅಲ್ಲಿ ಮೀನಿನ ಕಾರ್ಖಾನೆಯ ಉಗ್ರಾಣದಲ್ಲಿ ಕೆಲಸಕ್ಕೆ ಸೇರಿದನಂತೆ. ವರ್ನಾ ಫೋನ್ ಮಾಡಿದರೆ ಚೆನ್ನಾಗಿದ್ದೀನಿ ಎನ್ನುತ್ತಿದ್ದ, ಹಿಮ ಎಷ್ಟು ಬಿದ್ದಿದೆ ಎಂದು ಹೇಳುತ್ತಿದ್ದ, ಇಡುತ್ತಿದ್ದ. ರೋಡಾ ಫೋನಿಗೆ ಬರುತ್ತಿರಲಿಲ್ಲ. ಮೆಲ್ವಿನಾ ಮಾತ್ರ ಭಾನುವಾರ ಭಾನುವಾರ ಅವಳೊಂದಿಗೆ ಮಾತಾಡುತ್ತಿದ್ದರು, ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು.

ಫೆಬ್ರವರಿಯಲ್ಲಿ ಗಂಡುಮಗು ಹುಟ್ಟಿತು. ವರ್ನಾಳಿಗೆ ಅದನ್ನು ಹೇಳಿದ್ದು ಮೆಲ್ವಿನಾ. ಅವಳು ಹೆಣೆದಿಟ್ಟಿದ್ದ ಅಂಗಿ, ಟೊಪ್ಪಿಗಳನ್ನೆಲ್ಲ ಅಂಚೆಯಲ್ಲಿ ಕಳಿಸಿದಳು. ವಾಪಸು ಬರಲಿಲ್ಲ, ಬಂತು ಎಂಬ ಸುದ್ದಿಯೂ ಬರಲಿಲ್ಲ.

ಜೂನಿನಲ್ಲಿ ಮೆಲ್ವಿನಾರಿಗೆ ಎಂಬತ್ತನಾಲ್ಕು ತುಂಬಿದ ದಿನ ಮೂವರೂ ಬಂದರು. ಮುದುಕಿಗೋಸ್ಕರ ಬಂದದ್ದು, ಸಂಜೆಗೆ ಹೊರಡುತ್ತೇವೆ ಎಂದು ಬಾಗಿಲಲ್ಲೇ ಹೇಳಿದಳು ರೋಡಾ. ಒರಟಾಗಿ ಹೇಳಲಿಲ್ಲ. ವರ್ನಾ ಒಣದ್ರಾಕ್ಷಿಯ ಕೇಕು ಮಾಡಿದ್ದಳು, ಮೀನು ಬೇಯಿಸಿ ನೆನೆಸಿದ ಗಟ್ಟಿ ರೊಟ್ಟಿಯೊಂದಿಗೆ ಬಡಿಸಿದಳು. ಎಲ್ಲರೂ ತಿಂದರು. ಸೆಲ್ಬಿ ಎರಡು ಸಲ ಹಾಕಿಸಿಕೊಂಡ. ಅವನ ಮುಖದಲ್ಲಿ ಬಣ್ಣ ಬಂದಿತ್ತು. ಮಗು ಬಡಿಸುವವರ ಕೈಯನ್ನೆಲ್ಲ ಕಣ್ಣು ಅಗಲಿಸಿ ನೋಡುತ್ತಿತ್ತು. ಗುಂಡುಗುಂಡಾಗಿ, ಗಾರ್ಲಂಡ್‌ನ ಹುಬ್ಬು ಹೊತ್ತುಕೊಂಡು.

ಊಟವಾದ ಮೇಲೆ ರೋಡಾ ಕೇಳದೆಯೇ ಮಗುವನ್ನು ಎತ್ತಿ ವರ್ನಾಳ ಮಡಿಲಲ್ಲಿ ಇಟ್ಟಳು. ವರ್ನಾ ಅದನ್ನು ಎದೆಗೊತ್ತಿಕೊಂಡಳು. ಬಿಸಿಯಾಗಿತ್ತು, ಭಾರವಾಗಿತ್ತು, ಕಾಲಿಂದ ಒದೆಯುತ್ತಿತ್ತು. ಇದನ್ನೇ ಬೇಡಿಕೊಂಡದ್ದು. ಅವಳಿಗೆ ತಡೆಯಲಾಗಲಿಲ್ಲ.

“ಇವನ ರಕ್ತ ಟೆಸ್ಟ್ ಮಾಡಿಸಿದ್ರಾ?”

“ಮಾಡಿಸಿದ್ವಿ.”

“ಉತ್ತರ ಬಂತಾ?”

“ಬಂತು.”

ವರ್ನಾ ಕಾದಳು. ರೋಡಾ ಮಗುವಿನ ಕಾಲುಚೀಲ ಎಳೆದು ಸರಿಮಾಡಿದಳು, ಕೋಟು ತಂದಳು, ಮಗುವನ್ನು ತೆಗೆದುಕೊಂಡು ಒಂದೊಂದೇ ಗುಂಡಿ ಹಾಕಿದಳು.

“ಗೊತ್ತಿರ್ಬೇಕಾದೋರಿಗೆ ಗೊತ್ತಿದೆ,” ಎಂದಳು. “ನಿಮಗೆ ಹೇಳಲ್ಲ, ವರ್ನಾ.”

ವರ್ನಾ ಮಗನ ಕಡೆ ನೋಡಿದಳು. ಸೆಲ್ಬಿ ಚೀಲ ಹೆಗಲಿಗೆ ಹಾಕಿಕೊಂಡು, ಅಜ್ಜಿಯ ಕೆನ್ನೆಗೆ ಮುತ್ತಿಟ್ಟು, ಬರ್ತೀನಿ ಅಮ್ಮ ಎಂದು ಹೊರಗೆ ಹೋದ. ಆಂಬ್ರೋಸನ ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೆ ಅವಳು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಂದಾಗ ಮೆಲ್ವಿನಾ ಮೇಜಿನ ಮೇಲಿದ್ದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು.

“ನಿಮಗೆ ಹೇಳಿದ್ದಾಳಾ ನ್ಯಾನ್?”

“ಹೇಳಿದ್ದಾಳೆ.”

“ಏನಂತೆ?”

“ಉಳಿದ ಕೇಕು ಮುಚ್ಚಿಡು,” ಎಂದರು ಮೆಲ್ವಿನಾ. “ಒಣಗುತ್ತೆ.”

ಈಗ ಆ ಮನೆಯಲ್ಲಿ ಅವರಿಬ್ಬರೇ. ರೋಡಾ ತಿಂಗಳಿಗೊಂದು ಸಲ ಮಗುವಿನ ಫೋಟೋ ಕಳಿಸುತ್ತಾಳೆ, ಮೆಲ್ವಿನಾರ ಹೆಸರಿಗೆ. ಅಂಗಡಿಯಿಂದ ಆ ಲಕೋಟೆಯನ್ನು ಬಿಚ್ಚದೆ, ಬೆಳಕಿಗೆ ಹಿಡಿಯದೆ, ಹಾಗೇ ತಂದುಕೊಡುವುದು ವರ್ನಾಳ ಕೆಲಸ. ಮುದುಕಿ ಕನ್ನಡಕ ಏರಿಸಿ ಫೋಟೋ ನೋಡುತ್ತಾರೆ. ವರ್ನಾ ಫೋಟೋ ನೋಡುವುದಿಲ್ಲ, ಮುದುಕಿಯ ಮುಖ ನೋಡುತ್ತಾಳೆ. ನಕ್ಕರೆ, ಮಗುವಿಗೆ ಇಲ್ಲ ಎಂದುಕೊಳ್ಳುತ್ತಾಳೆ. ನಗದೆ ಕಿಟಕಿಯ ಕಡೆ ತಿರುಗಿದರೆ, ಇದೆ ಎಂದುಕೊಳ್ಳುತ್ತಾಳೆ. ಮೆಲ್ವಿನಾ ಒಂದೊಂದು ಸಲ ಒಂದೊಂದು ಮಾಡುತ್ತಾರೆ.